ಪರದೆಯ ಮೇಲೆ ಮದರಾಸಿನ ಕೈ

ಆ ಮನುಷ್ಯನ ಮುಖ ನೋಡುವುದಕ್ಕೆ ಎಷ್ಟೋ ತಿಂಗಳ ಮೊದಲೇ ನನಗೆ ಅವನ ಮೇಲೆ ದ್ವೇಷ ಹುಟ್ಟಿತ್ತು. ಅವನು ಮದರಾಸಿನ ಹೆಡ್ಡಾಫೀಸಿನಲ್ಲಿ ಕೂತಿರುತ್ತಿದ್ದ, ನಾನು ಹೊಸೂರಿನ ಕಾರ್ಖಾನೆಯೊಂದರ ಗಾಜಿನ ಕೋಣೆಯಲ್ಲಿ. ನಡುವೆ ಇದ್ದದ್ದು ಒಂದು ಟೆಲಿಫೋನ್ ಲೈನು. ಆ ಲೈನಿನಲ್ಲಿ ಅವನು ನನ್ನ ಕಂಪ್ಯೂಟರಿನೊಳಕ್ಕೆ ಬಂದು, ನನ್ನ ಕಣ್ಣೆದುರಿಗೇ ನನ್ನ ಪರದೆಯ ಮೇಲೆ ತನಗೆ ಬೇಕಾದ್ದನ್ನು ಬರೆಯುತ್ತಿದ್ದ, ಬೇಡದ್ದನ್ನು ಅಳಿಸುತ್ತಿದ್ದ. ನಾನು ಕೈಕಟ್ಟಿಕೊಂಡು ನೋಡುತ್ತಿರಬೇಕಿತ್ತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ವರ್ಷಗಳು ಅವು. ನಮ್ಮದು ಸಾನಮಾವು ಕಾಡಿಗೆ ಅಂಟಿಕೊಂಡ ಹಳ್ಳಿ. ನಾನು ತಮಿಳು ಮೀಡಿಯಮ್ಮಿನಲ್ಲಿ ಪ್ಲಸ್ ಟೂ ಮುಗಿಸಿ, ಹೊಸೂರಿಗೆ ಬಸ್ಸಿನಲ್ಲಿ ಓಡಾಡಿ ಟೈಪಿಂಗ್ ಹೈಯರ್ ಪಾಸು ಮಾಡಿಕೊಂಡಿದ್ದೆ. ದೊಡ್ಡಪ್ಪನ ಮಗ ಆ ಕಾರ್ಖಾನೆಯ ಎರಕದ ಶಾಪಿನಲ್ಲಿ ಟೆಂಪರರಿ ಕೆಲಸಗಾರ. ನನಗಿಂತ ಆರು ವರ್ಷಕ್ಕೆ ದೊಡ್ಡವನು. ಒಂದೇ ಬೀದಿಯ ಎದುರುಬದುರು ಮನೆಗಳು ನಮ್ಮವು. ಕಂಪ್ಯೂಟರಿಗೆ ಟೈಪು ಬಲ್ಲವರು ಬೇಕಂತೆ ಎಂದು ಗೊತ್ತಾದ ದಿನವೇ ಅವನು ಹಾಜರಿ ನೋಡುವ ಟೈಮ್ ಆಫೀಸಿನ ಗುಮಾಸ್ತರ ಮುಂದೆ ಹೋಗಿ ನಿಂತಿದ್ದ. “ನಮ್ಮ ಚಿಕ್ಕಪ್ಪನ ಮಗ್ಳು ಅವ್ಳೆ ಸಾರ್, ಕಣ್ಮುಚ್ಕೊಂಡು ಟೈಪ್ ಹೊಡೀತಾಳೆ” ಎಂದಿದ್ದನಂತೆ. ಹಾಗೆ ಸಿಕ್ಕಿದ ಕೆಲಸ ಅದು.

ಇಡೀ ಕಾರ್ಖಾನೆಗೆ ಒಂದೇ ಕಂಪ್ಯೂಟರು. ಅದಕ್ಕೆಂದೇ ಟೈಮ್ ಆಫೀಸಿನ ಪಕ್ಕದಲ್ಲಿ ಗಾಜಿನ ಕೋಣೆ ಕಟ್ಟಿ ಏರ್ ಕಂಡೀಷನರ್ ಹಾಕಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಎರಕದ ಶಾಪಿನಲ್ಲಿ ಬೆಂದು ಬಂದವರು ಗಾಜಿಗೆ ಮೂಗು ಒತ್ತಿ ನನ್ನನ್ನು ನೋಡಿ ಹೋಗುತ್ತಿದ್ದರು. ಪಂಚಿಂಗ್ ಕಾರ್ಡುಗಳನ್ನು ನೋಡಿ ಗುಮಾಸ್ತರು ದಿನಾ ಒಂದು ಹಾಜರಿ ಪಟ್ಟಿ ಕೊಡುತ್ತಿದ್ದರು. ಟೋಕನ್ ನಂಬರಿನ ಮುಂದೆ, ಬಂದವರಿಗೆ ‘ಪಿ’, ಬಾರದವರಿಗೆ ‘ಎ’. ಅದನ್ನು ಒತ್ತುವುದು ನನ್ನ ಕೆಲಸ. ತಿಂಗಳು ಮುಗಿದ ಮೇಲೆ ಕಾರ್ಡುಗಳನ್ನೂ ಪಟ್ಟಿಗಳನ್ನೂ ಕಟ್ಟು ಕಟ್ಟಿ ಕಂಪನಿಯ ವ್ಯಾನಿನಲ್ಲಿ ಮದರಾಸಿಗೆ ಕಳಿಸಿಬಿಡುತ್ತಿದ್ದರು. ನಮ್ಮಲ್ಲಿ ಉಳಿಯುತ್ತಿದ್ದದ್ದು ಫ್ಲಾಪಿಯಲ್ಲಿ ಇದ್ದದ್ದು ಮಾತ್ರ.

ನಾನು ಸೇರಿ ಆರು ತಿಂಗಳಾದ ಮೇಲೆ ಮದರಾಸಿನಿಂದ ಇಬ್ಬರು ಬಂದು ಕಂಪ್ಯೂಟರಿನ ಪಕ್ಕ ಒಂದು ಚಪ್ಪಟೆ ಡಬ್ಬಿ ಇಟ್ಟರು. ಅದು ಮೋಡೆಮ್. ಒಂದು ಟೆಲಿಫೋನ್ ಲೈನನ್ನು ಅದಕ್ಕೇ ಮೀಸಲಿಟ್ಟರು. ಅಲ್ಲಿಂದ ಕರೆ ಬಂದರೆ ಡಬ್ಬಿ ಕೀರಲು ದನಿಯಲ್ಲಿ ಕಿರುಚಿ ಸುಮ್ಮನಾಗುತ್ತಿತ್ತು. ಆಮೇಲೆ ನನ್ನ ಪರದೆಯಲ್ಲಿ ಇರುವುದೆಲ್ಲ ಮದರಾಸಿನ ಪರದೆಯಲ್ಲೂ ಕಾಣುತ್ತದೆ, ಅಲ್ಲಿ ಒತ್ತಿದ ಕೀಲಿ ಇಲ್ಲಿ ಒತ್ತಿದಂತೆಯೇ ನಡೆಯುತ್ತದೆ ಎಂದು ವಿವರಿಸಿದರು. ನಾನು ತಲೆಯಾಡಿಸಿದೆ. ನಂಬಿರಲಿಲ್ಲ.

ಅಕ್ಷರ ಬೀಳುವ ಜಾಗ ತೋರಿಸುತ್ತಾ ಪರದೆಯ ಮೇಲೆ ಮಿಣುಕುವ ಹಸಿರು ಗೆರೆ ಒಂದು ದಿನ ತಾನಾಗಿ ಜರುಗಿತು. ಏನೋ ಕೆಟ್ಟಿತೆಂದು ಗಾಬರಿಯಲ್ಲಿ ಒಂದು ಕೀಲಿ ಒತ್ತಿದೆ. ಮದರಾಸಿನವನ ಅಕ್ಷರ, ನನ್ನ ಅಕ್ಷರ ಕಲಸಿಹೋದವು. ಗೆರೆ ನಿಂತಿತು. ಪರದೆಯ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಕೈ ತೆಗೆ’ ಎಂದು ಮೂಡಿತು. ಲೈನು ಬಿಟ್ಟ ಮೇಲೆ ಫೋನ್ ಹೊಡೆದುಕೊಂಡಿತು.

“ಕೈಯೆ ಎಡುನ್ನಾ ಎಡುಕ್ಕಣುಂ. ಪುರಿಯುದಾ?” ಎಂದ. ಕೈ ತೆಗೆ ಅಂದರೆ ತೆಗೀಬೇಕು, ತಿಳೀತಾ ಎಂದು. ನನ್ನ ಹೆಸರನ್ನೂ ಕೇಳಲಿಲ್ಲ.

ಆಮೇಲೆ ಅದು ನಿತ್ಯದ ಪಾಡಾಯಿತು. ಕೆಲವು ದಿನ ಅವನು ಸುಮ್ಮನೆ ಒಳಗೆ ಬಂದು ಕೂತಿರುತ್ತಿದ್ದ. ನಾನು ಒತ್ತುತ್ತಾ ಹೋಗುತ್ತಿದ್ದರೆ ಗೆರೆ ತಟ್ಟನೆ ಹಿಂದಕ್ಕೆ ಹೋಗಿ, ನಾನು ತಪ್ಪು ಮಾಡಿದ್ದ ಕಡೆ ನಿಂತು ಮಿಣುಕುತ್ತಿತ್ತು. ಅವನು ತಿದ್ದುತ್ತಿರಲಿಲ್ಲ. ನಾನೇ ನೋಡಿ, ನಾನೇ ನಾಚಿ, ನಾನೇ ತಿದ್ದಬೇಕು. ಮೂಗು ಒರೆಸಿಕೊಳ್ಳಲು ಕೈ ತೆಗೆದರೂ ‘ನಿಧಾನ’ ಎಂದು ಬರೆಯುತ್ತಿದ್ದ. ಕತ್ತಿನ ಹಿಂದೆ ಯಾರೋ ಉಸಿರು ಬಿಡುತ್ತಿದ್ದಾರೆ ಎನಿಸುತ್ತಿತ್ತು. ಊರಿಗೆ ಬಂದರೂ ಹೆಗಲು ಬಿಗಿದೇ ಇರುತ್ತಿತ್ತು. ಒಂದು ಮಾತು ಮಾತ್ರ ಮುಚ್ಚಿಡಲಾರೆ. ಕಂಪ್ಯೂಟರಿನ ಬಗ್ಗೆ ನಾನು ಕಲಿತದ್ದೆಲ್ಲ ಅವನು ಆಡಿಸಿದ್ದನ್ನು ನೋಡಿ ನೋಡಿಯೇ. ಪಟ್ಟಿ ಜೋಡಿಸುವುದು, ಮೊತ್ತ ತೆಗೆಯುವುದು, ಕಳೆದುಹೋದದ್ದನ್ನು ಹುಡುಕುವುದು, ಯಾವುದನ್ನೂ ಅವನು ಬಾಯಿಬಿಟ್ಟು ಕಲಿಸಲಿಲ್ಲ. ನಾನು ಕದ್ದು ಕಲಿತೆ.

ಟೆಂಪರರಿಗಳ ವಿಷಯ ಎದ್ದದ್ದು ಮರುವರ್ಷ. ಎರಡು ವರ್ಷದಲ್ಲಿ ನಾನೂರ ಎಂಬತ್ತು ದಿನ ಕೆಲಸ ಮಾಡಿದವರನ್ನು ಪರ್ಮನೆಂಟ್ ಮಾಡಬೇಕೆಂದು ತಮಿಳುನಾಡಿನ ಕಾನೂನು ಇತ್ತು. ಎರಕದ ಶಾಪಿನಲ್ಲಿ ಮೂವತ್ತೊಂದು ಜನ ಆ ಲೆಕ್ಕ ಮುಟ್ಟಿದ್ದರು. ದೊಡ್ಡಪ್ಪನ ಮಗ, ನನ್ನ ಅಣ್ಣ, ಅವನೂ ಒಬ್ಬ. ಅವನೇ ಮುಂದೆ ನಿಂತು ಎಲ್ಲರ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದ. ಮ್ಯಾನೇಜರು ಮದರಾಸಿಗೆ ಕಳಿಸಿದ್ದೇವೆ, ದಿನಗಳ ಲೆಕ್ಕ ಬರಲಿ ಎಂದಿದ್ದರು. ಅಣ್ಣ ಸಂಜೆ ಬಸ್ಸಿನಲ್ಲಿ ನನ್ನ ಹತ್ತಿರ ಬಂದು ಕೇಳುತ್ತಿದ್ದ. “ನಂದೆಷ್ಟಾಯ್ತಮ್ಮಿ?” ನಾನು ಪಟ್ಟಿ ತೆಗೆದು ನೋಡಿರುತ್ತಿದ್ದೆ. “ನಾನೂರ ಎಂಬತ್ನಾಲ್ಕು ಕಣಣ್ಣ, ಇನ್ನೇನು ಚಿಂತೆ ಮಾಡ್ಬೇಡ” ಎಂದು ನಾನೇ ಹೇಳಿದ್ದೆ. ಅದು ಆಮೇಲೆ ನನ್ನ ಕುತ್ತಿಗೆಗೇ ಬಂತು.

ಅರ್ಜಿ ಹೋಗಿ ಎರಡು ವಾರವಾಗಿರಬೇಕು. ಮಧ್ಯಾಹ್ನ ಒಂದು ಗಂಟೆಗೆ ಫೋನು. ಹಾಜರಿಯ ಹಳೆಯ ಫ್ಲಾಪಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸು, ನಿನ್ನ ಆಪರೇಟರ್ ಕೋಡಿನಲ್ಲಿ ತೆರೆದಿಡು, ಊಟಕ್ಕೆ ಹೋಗು ಎಂದ. “ಒರು ಮಣಿ ನೇರಂ ವರಾದೆ.” ಒಂದು ಗಂಟೆ ಬರಬೇಡ. ಊಟ ಮುಗಿಸಿ ಬರುವುದು ಅರ್ಧ ಗಂಟೆ ತಡವಾದರೆ ಬೈಯುವ ಮನುಷ್ಯ ಅವನು. ಹೇಳಿದಂತೆ ಮಾಡಿ ಹೊರಗೆ ಹೋದೆ. ಕ್ಯಾಂಟೀನಿನ ತನಕ ಹೋದ ಮೇಲೆ ಊಟದ ಡಬ್ಬಿ ಕೋಣೆಯಲ್ಲೇ ಬಿಟ್ಟದ್ದು ನೆನಪಾಗಿ ಹಿಂದಿರುಗಿದೆ.

ಪರದೆ ಓಡುತ್ತಿತ್ತು. ಅದು ಎರಕದ ಶಾಪಿನ ಪಟ್ಟಿ. ಹಸಿರು ಗೆರೆ ಒಂದು ಟೋಕನ್ ನಂಬರಿನ ಸಾಲಿನಲ್ಲಿ ಮೆಲ್ಲಗೆ ಜರುಗಿ, ಒಂದು ತಾರೀಕಿನ ಕೆಳಗೆ ನಿಂತಿತು. ‘ಪಿ’ ಹೋಗಿ ‘ಎ’ ಬಂತು. ಮತ್ತೆ ಜರುಗಿತು, ನಿಂತಿತು. ಇನ್ನೊಂದು ‘ಎ’. ಬಲಗಡೆಯ ಮೊತ್ತ ಒಂದೊಂದೇ ಇಳಿಯುತ್ತಿತ್ತು. ನಾನೂರ ಎಂಬತ್ತಕ್ಕಿಂತ ಸ್ವಲ್ಪ ಕೆಳಗೆ ಬಂದ ಮೇಲೆ ಗೆರೆ ಮುಂದಿನ ಸಾಲಿಗೆ ಹೋಯಿತು.

ನನಗೆ ಅರ್ಥವಾಗಲು ಒಬ್ಬನ ಸಾಲು ಪೂರ್ತಿ ಬೇಕಾಯಿತು. ಅರ್ಥವಾದ ಮೇಲೆ ಏನು ಮಾಡುವುದೆಂದು ತೋಚದೆ, ಮೇಜಿನ ಮೇಲಿದ್ದ ಹಳೆಯ ಪ್ರಿಂಟಿನ ಹಾಳೆ ತಿರುಗಿಸಿ ಬರೆದುಕೊಳ್ಳತೊಡಗಿದೆ. ಟೋಕನ್ ನಂಬರು, ತಾರೀಕು. ಟೋಕನ್ ನಂಬರು, ತಾರೀಕು. ಆ ಲೈನು ಬಹಳ ನಿಧಾನ. ಒಂದು ಬದಲಾಯಿಸಿದರೆ ಅವನ ಕಡೆ ಪರದೆಯಲ್ಲಿ ಅದು ಕಾಣಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ನಾನು ಬರೆದು ಮುಗಿಸುತ್ತಿದ್ದೆ. ಮೊದಲ ನಾಲ್ಕು ಜನರದು ನಾನು ಬರುವ ಮೊದಲೇ ಆಗಿಹೋಗಿತ್ತು, ಐದನೆಯವನದು ನಾನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ. ಅದು ನನಗೆ ಸಿಗಲಿಲ್ಲ.

ಹದಿಮೂರನೆಯ ಸಾಲು ಅಣ್ಣನದು. ಗೆರೆ ಅದರ ಮೇಲೆ ನಿಂತಾಗ ನನ್ನ ಕೈ ತಾನಾಗಿ ಹೋಗಿ ಮೋಡೆಮ್ ಡಬ್ಬಿಯ ಹಿಂದಿನ ವಯರನ್ನು ಕಿತ್ತಿತು.

ಪರದೆ ಸ್ತಬ್ಧವಾಯಿತು. ಏರ್ ಕಂಡೀಷನರಿನ ಸದ್ದು ಮಾತ್ರ. ಮೇಜಿನ ಫೋನು ಹೊಡೆದುಕೊಂಡಿತು. ಎತ್ತಬಾರದಿತ್ತು. ಎತ್ತಿದೆ.

“ಯಾರು ಕಟ್ ಪಣ್ಣದು?” ಎಂದ.

“ಲೈನು ಹೋಯ್ತು ಸಾರ್” ಎಂದೆ, ತಮಿಳಿನಲ್ಲೇ.

ಅವನು ಏರದ, ಇಳಿಯದ ದನಿಯಲ್ಲಿ ಹೇಳಿದ. “ನೀನು ಊಟಕ್ಕೆ ಹೋಗಿಲ್ಲ. ಸರಿ. ಈಗ ವಯರನ್ನು ವಾಪಸ್ ಹಾಕು. ಹಾಕಲಿಲ್ಲ ಅಂದರೆ ನಾಳೆ ಗೇಟಿನ ಒಳಗೆ ನೀನು ಬರೋದಿಲ್ಲ. ನಿನ್ನ ಅಣ್ಣನೂ ಬರೋದಿಲ್ಲ. ಅವನು ಯಾರು ಅಂತ ನನಗೆ ಗೊತ್ತು.”

ನಾನು ವಯರನ್ನು ವಾಪಸ್ ಹಾಕಿದೆ. ನನ್ನ ಕೈಯಿಂದಲೇ. ಡಬ್ಬಿ ಕಿರುಚಿತು, ಹಸಿರು ಗೆರೆ ಮತ್ತೆ ಹೊರಟಿತು. ಅಣ್ಣನ ಸಾಲಿನಲ್ಲಿ ಎಂಟು ‘ಎ’ ಬಿದ್ದವು. ನಾನು ಬರೆದುಕೊಳ್ಳುತ್ತಲೇ ಇದ್ದೆ. ಕಣ್ಣಿನಲ್ಲಿ ನೀರು ಬಂದು ಅಂಕಿ ಮಂಜಾದರೆ ಸೆರಗಿನಲ್ಲಿ ಒರೆಸಿಕೊಂಡು ಬರೆದೆ. ಮೂವತ್ತೊಂದನೆಯ ಸಾಲು ಮುಗಿದ ಮೇಲೆ ಪರದೆಯ ಕೆಳಗೆ ‘ಥ್ಯಾಂಕ್ ಯೂ’ ಎಂದು ಬರೆದು ಹೋದ. ಅಲ್ಲಿಯವರೆಗೆ ಅವನು ಒಮ್ಮೆಯೂ ಹಾಗೆ ಬರೆದಿರಲಿಲ್ಲ.

ಸಂಜೆ ಗುಮಾಸ್ತರಿಗೆ ಹೇಳಲು ಹೋದೆ. ತೆಲುಗಿನ ಮುದುಕರು, ರಿಟೈರಾಗಲು ಎರಡು ವರ್ಷ ಇತ್ತು. ಅರ್ಧ ಹೇಳುತ್ತಿದ್ದಂತೆಯೇ ಕೈ ಅಡ್ಡ ಹಿಡಿದರು. “ಮನಕೆಂದುಕಮ್ಮಾ? ನಮಗ್ಯಾಕಮ್ಮ ಇದು? ನಿನಗೂ ಬೇಡ, ನನಗೂ ಬೇಡ” ಎಂದು ಬಾಗಿಲು ನೋಡಿದರು. ನಾನೂ ಅವರ ಮಾತಿನ ನೆರಳಿಗೆ ಸೇರಿಕೊಂಡೆ. ಹಾಳೆಯನ್ನು ಮಡಿಸಿ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟೆ. ಮೂರು ವಾರ ಯಾರಿಗೂ ಹೇಳಲಿಲ್ಲ.

ಆ ಮೂರು ವಾರದೊಳಗೆ ನೋಟೀಸು ಬೋರ್ಡಿನಲ್ಲಿ ಕಂಪ್ಯೂಟರಿನ ಪ್ರಿಂಟು ಅಂಟಿಸಿದರು. ಮೂವತ್ತೊಂದು ನಂಬರು, ಪ್ರತಿಯೊಂದರ ಮುಂದೆ ಒಂದು ಮೊತ್ತ. ನಾನೂರ ಎಪ್ಪತ್ತಾರು, ನಾನೂರ ಎಪ್ಪತ್ತೊಂಬತ್ತು. ಒಬ್ಬರಿಗೂ ಎಂಬತ್ತು ಮುಟ್ಟಿರಲಿಲ್ಲ. ಯಾವ ಯಾವ ದಿನ ಬಂದಿಲ್ಲ ಎಂಬುದು ಅದರಲ್ಲಿ ಇರಲಿಲ್ಲ. ಕೆಳಗಿನ ಮೂಲೆಯಲ್ಲಿ, ಆಪರೇಟರ್ ಎಂಬಲ್ಲಿ, ನನ್ನ ಹೆಸರಿನ ಎರಡು ಅಕ್ಷರ.

ಅಣ್ಣ ಆವತ್ತು ಬಸ್ಸಿನಲ್ಲಿ ನನ್ನ ಹತ್ತಿರ ಬರಲಿಲ್ಲ. ಊರಿನಲ್ಲಿ ಇಳಿದ ಮೇಲೆ ನಮ್ಮ ಮನೆಯ ಮುಂದೆ ಬಂದು ನಿಂತ. ಅಪ್ಪ ಜಗುಲಿಯ ಮೇಲೆ ಕೂತಿದ್ದರು.

“ನಾನೂರ ಎಂಬತ್ನಾಲ್ಕು ಅಂದಿದ್ದೆ ಕಣಮ್ಮಿ. ಈಗ ಎಪ್ಪತ್ತಾರು ಹೆಂಗಾಯ್ತು? ಎಂಟು ದಿನ ಎಲ್ಲೋಯ್ತು, ಹೇಳು.”

ನಾನು ಬಾಗಿಲಲ್ಲಿ ನಿಂತಿದ್ದೆ.

“ಏನ್ ಕೊಟ್ರು ನಿಂಗೆ? ಪ್ರಮೋಷನ್ನಾ? ನಾನ್ ಹೋಗಿ ಅವ್ರ ಕಾಲ್ಹಿಡ್ದು ನಿನ್ನ ಸೇರಿಸ್ದೆ. ಮೂವತ್ತು ಮನೆ ಹಾಳು ಮಾಡ್ಬುಟ್ಟೆಯಲ್ಲ!”

“ಏಯ್, ನಾಲ್ಗೆ ಬಿಗಿ ಹಿಡ್ಕೊಂಡು ಮಾತಾಡ್ಲಾ” ಎಂದು ಅಪ್ಪ ಎದ್ದರು.

“ನಿನ್ ಮಗ್ಳ ಕೇಳು ಚಿಕ್ಕಪ್ಪ. ಅವ್ಳ ಹೆಸ್ರೇ ಐತೆ ಅದ್ರಾಗೆ” ಎಂದು ಉಗಿದು ಹೋದ. ಉಗುಳು ನಮ್ಮ ಅಂಗಳದಲ್ಲಿ ಬಿತ್ತು. ಅವ್ವ ಬಂದು ಅದರ ಮೇಲೆ ಸಗಣಿ ನೀರು ಹಾಕಿದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳದೆ ಹೋದದ್ದೇ ನನಗೆ ಹೆಚ್ಚು ಚುಚ್ಚಿತು.

ಮರುದಿನದಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಹೋಗತೊಡಗಿತು. ಜನ ನಿಂತು ಪ್ರಯಾಣ ಮಾಡಿದರೂ ಅಲ್ಲಿ ಕೂರುತ್ತಿರಲಿಲ್ಲ. ಯಾರೋ ಗಾಜಿನ ಕೋಣೆಯ ಹೊರಗೆ ಬಿಟ್ಟಿದ್ದ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತರು. ಹೊಸದು ತಂದರೆ ಅದನ್ನೂ ಕಿತ್ತರು. ಊರ ನಲ್ಲಿಯ ಹತ್ತಿರ ದೊಡ್ಡಮ್ಮ ನನ್ನ ಬಿಂದಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ನನಗೆ ಅವರೆಲ್ಲರ ಮೇಲೂ ಸಿಟ್ಟು. ಕೇಳದೆಯೇ ತೀರ್ಮಾನ ಮಾಡಿದರಲ್ಲ ಎಂದು. ಹೇಳದೆ ಇದ್ದವಳು ನಾನೇ ಎಂಬುದು ಆ ಸಿಟ್ಟಿನಲ್ಲಿ ಮರೆತುಹೋಗುತ್ತಿತ್ತು.

ಗಾಜಿನ ಕೋಣೆಯಲ್ಲಿ ಮಾತ್ರ ಅವನು ಎಂದಿನಂತೆ ಬರುತ್ತಿದ್ದ. ಒಂದು ದಿನ ನನ್ನ ತಪ್ಪಿನ ಕೆಳಗೆ ಗೆರೆ ನಿಲ್ಲಿಸಿ, ‘ಇತ್ತೀಚೆಗೆ ನಿನಗೆ ಗಮನವಿಲ್ಲ’ ಎಂದು ಬರೆದ. ಆ ಸಂಜೆ ಮನೆಗೆ ಬಂದವಳೇ ಟ್ರಂಕು ತೆರೆದು ಹಾಳೆ ತೆಗೆದುಕೊಂಡು ಬೀದಿ ದಾಟಿದೆ. ಅಣ್ಣ ದನಕ್ಕೆ ಹುಲ್ಲು ಹಾಕುತ್ತಿದ್ದ. ಎದುರಿಗೆ ನಿಂತು ಆದದ್ದನ್ನು ಆದಂತೆ ಹೇಳಿದೆ. ಮದರಾಸಿನಿಂದ ಒಬ್ಬ ಮನುಷ್ಯ ಲೈನಿನಲ್ಲಿ ಬಂದು ಇಲ್ಲಿಯ ಪರದೆಯಲ್ಲಿ ಬರೆಯಬಲ್ಲ ಎಂಬುದನ್ನು ಅವನಿಗೆ ಮೂರು ಸಲ ಹೇಳಬೇಕಾಯಿತು. ನಂಬಿದನೋ ಇಲ್ಲವೋ. ಹಾಳೆಯ ಮೇಲೆ ಬೆರಳು ಓಡಿಸುತ್ತಾ ತನ್ನ ನಂಬರು ಹುಡುಕಿದ. ಎಂಟು ತಾರೀಕು. ನಾಲ್ಕನೆಯದರ ಮೇಲೆ ಬೆರಳು ನಿಂತಿತು.

“ಇದು ನನ್ನ ಕಾಲು ಸುಟ್ಟ ದಿನ” ಎಂದ.

ಆ ದಿನ ಎರಕದ ಲೋಹ ಹಾರಿ ಅವನ ಪಾದ ಬೆಂದಿತ್ತು. ಕಾರ್ಖಾನೆಯ ಡಿಸ್ಪೆನ್ಸರಿಯಲ್ಲೇ ಕಟ್ಟು ಕಟ್ಟಿದ್ದರು. ರಿಜಿಸ್ಟರಿನಲ್ಲಿ ಅವನ ಹೆಬ್ಬೆಟ್ಟಲ್ಲ, ಸಹಿಯೇ ಇತ್ತು. ಕೆಲಸಕ್ಕೇ ಬಾರದವನ ಕಾಲು ಶಾಪಿನಲ್ಲಿ ಸುಡುವುದು ಹೇಗೆ?

ಅವನ ಮುಖ ಒಂದು ಗಳಿಗೆ ತಿಳಿಯಾಯಿತು. ಆಮೇಲೆ ಮತ್ತೆ ಗಂಟಿಕ್ಕಿತು. “ಕಿತ್ತಾಕಿದ್ದೆ ಅಂದ್ಯಲ್ಲ ವಯರು. ಮತ್ಯಾಕೆ ಸಿಗಿಸ್ದೆ?”

“ನಿನ್ನೂ ತೆಗೆದಾಕ್ತೀನಿ ಅಂದ.”

“ನನ್ನ ಹೆಸ್ರು ಹೇಳ್ಬೇಡ. ನಿನ್ ಕೆಲ್ಸಕ್ಕೆ ಹೆದ್ರಿದೆ ಅನ್ನು.”

ಎರಡೂ ನಿಜವಾಗಿತ್ತು.

ಹಾಳೆ ಕೈಗೆ ಬಂದ ಮೇಲೆ ಆ ಮೂವತ್ತೊಂದು ಜನಕ್ಕೆ ಹುಡುಕುವುದು ಏನೆಂದು ತಿಳಿಯಿತು. ಬರೀ ಮೊತ್ತ ಇಟ್ಟುಕೊಂಡು ಯಾರೂ ವಾದ ಮಾಡಲಾರರು. ತಾರೀಕು ಇದ್ದರೆ ಮಾಡಬಹುದು. ಒಬ್ಬನಿಗೆ ಓವರ್‌ಟೈಮ್ ಚೀಟಿ ಸಿಕ್ಕಿತು, ಇನ್ನೊಬ್ಬನಿಗೆ ಅರ್ಧ ದಿನಕ್ಕೆ ಹೊರಗೆ ಹೋಗಲು ಕೊಟ್ಟ ಗೇಟ್ ಪಾಸು. ಹೀಗೆ ಹತ್ತೊಂಬತ್ತು ಜನ ಒಂದೊಂದು ಕಾಗದ ಹುಡುಕಿ ತಂದರು. ಉಳಿದ ಹನ್ನೆರಡು ಜನರಿಗೆ ಏನೂ ಸಿಗಲಿಲ್ಲ. ಅವರಲ್ಲಿ ಐವರಿಗೆ ಹುಡುಕಲು ತಾರೀಕೇ ಇರಲಿಲ್ಲ.

ವಿಚಾರಣೆ ಕೃಷ್ಣಗಿರಿಯಲ್ಲಿ, ಲೇಬರ್ ಆಫೀಸರ ಮುಂದೆ. ನಾನೂ ಹೋದೆ. ಕಂಪನಿಯ ಕಡೆಯಿಂದ ಮ್ಯಾನೇಜರು, ಒಬ್ಬ ವಕೀಲರು, ಇನ್ನೊಬ್ಬ ಸಣಕಲ ಮನುಷ್ಯ. ಮೂವತ್ತೈದರ ಆಸುಪಾಸು, ದಪ್ಪ ಕನ್ನಡಕ, ಮಡಿಲಲ್ಲಿ ಒಂದು ರೆಕ್ಸಿನ್ ಚೀಲ. ಬಾಯಿ ಬಿಟ್ಟ ಕೂಡಲೇ ಗೊತ್ತಾಯಿತು. ಫೋನಿನಲ್ಲಿ ಕೇಳುತ್ತಿದ್ದ ದನಿ.

ನಾನು ಹಾಳೆಯನ್ನು ಓದಿದೆ. ಇಪ್ಪತ್ತಾರು ನಂಬರು, ಅವುಗಳ ತಾರೀಕು. ಓದಿ ಮುಗಿಸಿದ ಮೇಲೆ ವಕೀಲರು ನಕ್ಕರು. “ನೋಡಿ ಸಾರ್. ಯಾವ ದಿನ ಬದಲಾಯಿಸಿದೆ ಅಂತ ಈಕೆಗೇ ಇಷ್ಟು ಚೆನ್ನಾಗಿ ಗೊತ್ತು. ಬದಲಾಯಿಸಿದವರಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತೆ?”

ಆಫೀಸರು ಆ ಸಣಕಲ ಮನುಷ್ಯನನ್ನು ಕೇಳಿದರು, ಆವತ್ತು ನೀವು ಲೈನಿನಲ್ಲಿ ಇದ್ದಿರಾ ಎಂದು. “ಇಲ್ಲ ಸಾರ್” ಎಂದ. ನನ್ನ ಕಡೆ ನೋಡಲೂ ಇಲ್ಲ. ಕೋಡು ಯಾರದು? ಆಕೆಯದು. ಮಿಷನ್ನಿನ ಮುಂದೆ ಕೂರುವವರು ಯಾರು? ಆಕೆ.

“ಸುಳ್ಳು! ನೀವೇ ಫೋನ್ ಮಾಡಿ ಬೆದರಿಸಿದಿರಿ” ಎಂದು ಎದ್ದು ಕೂಗಿದೆ. ಆಫೀಸರು ಕೂರಲು ಹೇಳಿದರು. ಆಮೇಲೆ ತಲೆ ಕೆರೆದುಕೊಂಡು ಹೇಳಿದ ಮಾತು ಇಷ್ಟು. ಯಾರು ಬದಲಾಯಿಸಿದರು ಎಂಬುದು ಇಲ್ಲಿ ತೀರ್ಮಾನವಾಗುವ ವಿಷಯವಲ್ಲ, ಯಾರು ಕೆಲಸ ಮಾಡಿದ್ದರು ಎಂಬುದಷ್ಟೇ ನನಗೆ ಬೇಕು. ಆ ಹತ್ತೊಂಬತ್ತು ಕಾಗದಗಳನ್ನು ಮುಂದೆ ಹರಡಿಕೊಂಡು ಕೂತರು. ಒಂದು ದಿನ ಸುಳ್ಳೆಂದು ಕಂಡರೆ ಆ ಮನುಷ್ಯನ ಉಳಿದ ‘ಎ’ಗಳನ್ನೂ ನಂಬುವುದಿಲ್ಲ ಎಂದರು. ನನ್ನ ಮಾತನ್ನು ಬರೆದುಕೊಳ್ಳಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ವರಾಂಡದ ಕಂಬದ ಹತ್ತಿರ ಅವನು ಒಬ್ಬನೇ ಮೊಸರನ್ನ ತಿನ್ನುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ. ಚಮಚ ಕೆಳಗಿಟ್ಟು, ಪರಿಚಯದವರ ಹತ್ತಿರ ಮಾತಾಡುವಂತೆ ತಮಿಳಿನಲ್ಲಿ ಕೇಳಿದ. “ಚೆನ್ನಾಗಿ ಟೈಪ್ ಮಾಡ್ತೀಯ. ಇದಕ್ಕೆಲ್ಲ ಯಾಕೆ ಹೋದೆ?”

“ನೀವು ಮಾಡಿದ್ದನ್ನು ನನ್ನ ತಲೆಗೆ ಯಾಕೆ ಕಟ್ಟಿದಿರಿ?”

“ಪರದೆ ನಿನ್ನ ಮುಂದೆ ಇತ್ತು. ಕೀಲಿ ನಿನ್ನ ಮುಂದೆ ಇತ್ತು. ನಾನು ಇನ್ನೂರು ಮೈಲಿ ಆಚೆ ಇದ್ದೆ. ನಿಜ ಹೇಳಿದರೂ ಯಾರು ನಂಬ್ತಾರೆ, ನೀನೇ ಹೇಳು.” ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

“ನಿನ್ ಕೈ ಬಿದ್ದೋಗ” ಎಂದೆ, ನಮ್ಮೂರ ಕನ್ನಡದಲ್ಲಿ.

“ಎನ್ನ ಸೊನ್ನೆ?” ಏನಂದೆ ಎಂದು ಕೇಳಿದ. ನಿಜವಾಗಿಯೂ ತಿಳಿಯದೆ ಕೇಳಿದ. ನಾನು ಮತ್ತೆ ಹೇಳಲಿಲ್ಲ. ಹಾಗೆ ಶಪಿಸಿದ್ದಕ್ಕೆ ಇಂದಿಗೂ ಪಶ್ಚಾತ್ತಾಪ ಪಟ್ಟಿಲ್ಲ.

ಹತ್ತೊಂಬತ್ತು ಜನರನ್ನು ಪರ್ಮನೆಂಟ್ ಮಾಡಬೇಕೆಂದು ಒಪ್ಪಂದವಾಯಿತು. ಹನ್ನೆರಡು ಜನರನ್ನು ಗೇಟಿನಿಂದ ಹೊರಗೆ ಕಳಿಸಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ಮತ್ತೆ ಕೃಷ್ಣಗಿರಿಗೆ ಹೋಗಬೇಕಾಗುತ್ತದೆಂದು ಭಯ. ಸ್ಟೋರಿನ ಮೂಲೆಯಲ್ಲಿ ಒಂದು ಕುರ್ಚಿ ಕೊಟ್ಟರು. ಮೇಜಿಲ್ಲ, ಕೆಲಸವಿಲ್ಲ. ಗಾಜಿನ ಕೋಣೆಗೆ ಬೇರೆ ಹುಡುಗಿ ಬಂದಳು. ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ನಾನು ದೂರದಿಂದ ನೋಡುತ್ತಿದ್ದೆ. ಎಂಟು ತಿಂಗಳು ಹಾಗೆ ಕೂತೆ. ಸ್ಟೋರ್ ಕೀಪರು ಒಂದು ದಿನ, “ಇನ್ನೂ ಎಷ್ಟು ದಿನ ಕೂತ್ಕೋತೀಯಮ್ಮ? ನಮಗೇ ನೋಡಕ್ಕಾಗಲ್ಲ” ಎಂದ. ನನಗೂ ಆಗುತ್ತಿರಲಿಲ್ಲ. ರಾಜೀನಾಮೆ ಟೈಪು ಮಾಡಲು ಒಂದು ಮಿಷನ್ನೂ ಕೊಡಲಿಲ್ಲ, ಕೈಯಲ್ಲೇ ಬರೆದುಕೊಟ್ಟೆ. ರಾಯಕೋಟೆಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಹೇಳಿಕೊಡಲು ಜನ ಬೇಕೆಂದು ಕೇಳುತ್ತಿದ್ದರು. ಅಲ್ಲಿಗೆ ಸೇರಿದೆ.

ಹೊರಗೆ ಹೋದ ಹನ್ನೆರಡು ಜನರಲ್ಲಿ ಒಬ್ಬ ರಾಯಕೋಟೆಯವನು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ನಾನು ಬಸ್ಸಿಳಿದು ನಡೆಯುವ ದಾರಿಯದು. ಮೊದಲ ವಾರ ನನ್ನನ್ನು ನೋಡಿ ಏನೋ ಕೂಗಿದ, ತೆಲುಗಿನಲ್ಲಿ, ಹೇಳಲಾಗದ ಮಾತು. ನಾನು ದಾರಿ ಬದಲಾಯಿಸಿಕೊಂಡೆ. ಅವನ ತಾರೀಕುಗಳು ನನ್ನ ಹಾಳೆಯಲ್ಲಿ ಇರಲಿಲ್ಲ.

ಅಣ್ಣನ ಕೈಗೆ ಪರ್ಮನೆಂಟ್ ಆರ್ಡರು ಬಂದದ್ದು ಅದಾದ ಮೇಲೆ. ದೊಡ್ಡಪ್ಪನ ಮನೆಯಲ್ಲಿ ಕುರಿ ಕೊಯ್ದು ಊರಿಗೆಲ್ಲ ಊಟ ಹಾಕಿದರು. ಕರೆಯಲು ಅಣ್ಣನ ಹೆಂಡತಿ ಬಂದಿದ್ದಳು, ಅವನು ಬರಲಿಲ್ಲ. ಅಪ್ಪನೂ ಅವ್ವನೂ ಹೋದರು. ನಾನು ಹೋಗಲಿಲ್ಲ. ಅವ್ವ ಬರುವಾಗ ಒಂದು ಪಾತ್ರೆಯಲ್ಲಿ ಸಾರು ತಂದಿದ್ದಳು.

“ನಿಮ್ಮಣ್ಣನೇ ತುಂಬ್ಸಿಕೊಟ್ಟ. ನಿಂಗೆ ಅಂತ.”

“ಏನಾದ್ರೂ ಅಂದ್ನಾ?”

“ಏನೂ ಅನ್ನಿಲ್ಲ. ತಗೊಂಡೋಗು ಅಂದ, ಅಷ್ಟೆ.”

ನಾನು ಮುಟ್ಟಲಿಲ್ಲ. ಮಾರನೆಯ ಬೆಳಗ್ಗೆ ಅಪ್ಪ ಅದನ್ನು ಬಿಸಿ ಮಾಡಿಸಿಕೊಂಡು ಮುದ್ದೆಗೆ ಹಾಕಿಕೊಂಡು ಉಂಡು, ಉಪ್ಪು ಸ್ವಲ್ಪ ಮುಂದಾಗಿದೆ ಎಂದರು. ಅವ್ವ ಪಾತ್ರೆ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಹುರುಳಿ ಹಾಕಿ, ಎದುರು ಮನೆಗೆ ವಾಪಸ್ಸು ಕೊಟ್ಟು ಬಂದಳು. ನಾನು ಏಳೂವರೆಯ ರಾಯಕೋಟೆ ಬಸ್ಸಿಗೆ ಹೊರಟೆ.